ಬಡ್ಡಿಗೆ ರಜೆಯಿಲ್ಲ

ನಮ್ಮ ಕಾಲೇಜಿಗೆ ದಸರೆಗೆ ರಜೆ ಉಂಟು, ಬೇಸಗೆಗೆ ರಜೆ ಉಂಟು. ಬಡ್ಡಿಗೆ ಮಾತ್ರ ಯಾವ ರಜೆಯೂ ಇಲ್ಲ. ತಿಂಗಳಿಗೆ 12,000 ರೂಪಾಯಿ ತರುತ್ತಿದ್ದ ಮಂಡಿಯ ಗುಮಾಸ್ತಿಕೆ ಬಿಟ್ಟು, ತಂಗಿಯ ಮದುವೆಯ ಸಾಲ ಹೊತ್ತುಕೊಂಡೇ ಬಿ.ಎ. ತರಗತಿಗೆ ಬಂದು ಕುಳಿತವನು ನಾನು. ಮಂಡಿಯ ಹಿರಿಯ ಗುಮಾಸ್ತರು ನಲವತ್ತು ವರ್ಷದಿಂದ ಒಂದೇ ಮಣೆಯ ಮೇಲೆ ಕುಳಿತಿದ್ದಾರೆ. ಅವರ ಪಕ್ಕದ ಮಣೆ ನನ್ನದಾಗಿತ್ತು.

ಕೇಳಿದವರೆಲ್ಲ ವಿಶ್ವೇಶ್ವರಯ್ಯನವರ ಕಥೆ ಹೇಳುತ್ತಾರೆ. ಅವರು ಮನೆಪಾಠ ಹೇಳಿಕೊಂಡು ಓದಿ 1881ರಲ್ಲಿ ಬಿ.ಎ. ಮುಗಿಸಿದ್ದು ದೊಡ್ಡ ಮಾತೇ ಸರಿ. ನನ್ನ ಲೆಕ್ಕ ಮಾತ್ರ ಅದರಿಂದ ತೀರುವುದಿಲ್ಲ.

ಕೈಸಾಲ 60,000. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೇಳಲು ಎರಡೇ ರೂಪಾಯಿ. ವರ್ಷಕ್ಕೆ ಶೇಕಡಾ 24, ಅಂದರೆ 14,400 ರೂಪಾಯಿ ಕಟ್ಟಿದರೂ ಅಸಲು ಹಾಗೆಯೇ ನಿಂತಿರುತ್ತದೆ. ಅದಕ್ಕೆಂದೇ ಸಹಕಾರ ಸಂಘದಲ್ಲಿ ಶೇಕಡಾ 12ರಂತೆ ಸಾಲ ತೆಗೆದು ಆ ಕೈಸಾಲ ತೀರಿಸಿದೆ. ಸೋದರಮಾವ ಜಾಮೀನು ನಿಂತರು. “ಕೆಲಸಾನೂ ಬಿಡ್ತೀಯ, ಸಾಲಾನೂ ಮಾಡ್ತೀಯ” ಎಂದವರು, ಉತ್ತರಕ್ಕೆ ಕಾಯದೆ ರುಜು ಹಾಕಿದರು.

ಈಗ ಸಂಜೆ ಆರರಿಂದ ಒಂಬತ್ತರವರೆಗೆ ಅದೇ ಮಂಡಿಯಲ್ಲಿ ಖಾತೆ ಬರೆಯುತ್ತೇನೆ. ಸಿಗುವ 4,000ದಲ್ಲಿ ಸುಮಾರು 2,000 ಸಂಘಕ್ಕೆ. ಒಟ್ಟು 36 ಕಂತು. ನಮ್ಮ ಪದವಿಗೂ 36 ತಿಂಗಳೇ. ಒಂದರಲ್ಲಿ ನಪಾಸಾದರೆ ಇನ್ನೊಂದರದೂ ಅದೇ ಗತಿ!

ಅರ್ಥಶಾಸ್ತ್ರದ ಮೇಷ್ಟರು ‘ಅವಕಾಶ ವೆಚ್ಚ’ ವಿವರಿಸಿದ ದಿನ ಪುಸ್ತಕದ ಅಂಚಿನಲ್ಲಿ ಮೂರು ವರ್ಷದ ಸಂಬಳ ಬರೆದೆ: 4,32,000. ಸಂಜೆಯ ಗಳಿಕೆ ಕಳೆದರೆ 2,88,000. ತರಗತಿಯಲ್ಲಿ ಉದಾಹರಣೆ ಕೇಳಿದಾಗ ಸುಮ್ಮನಿದ್ದೆ.

ಪರೀಕ್ಷೆಯ ಶುಲ್ಕವೂ ಕಂತೂ ಈ ಸಲ ಒಂದೇ ವಾರ ಬಂದಿವೆ. ಕಂತು ಕಟ್ಟಿಯಾಯಿತು. ಶುಲ್ಕಕ್ಕೆ ಇನ್ನೂ ನಾಲ್ಕು ದಿನವಿದೆ.