ತಡವಾಗಿ ಬಂದ ದತ್ತಣ್ಣ

ನಮ್ಮಲ್ಲಿ ನಲವತ್ತೈದು ದಾಟಿದವನು ಹೊಸದಾಗಿ ಏನಾದರೂ ಶುರು ಮಾಡುತ್ತೇನೆಂದರೆ ಮನೆಯವರು ಮೊದಲು ಹಣೆ ಮುಟ್ಟಿ ನೋಡುತ್ತಾರೆ. ಆ ವಯಸ್ಸಿಗೆ ಶುರುವಾಗಬೇಕಾದದ್ದು ಬಿ.ಪಿ. ಮಾತ್ರೆ, ಬೆಳಗಿನ ವಾಕಿಂಗು, ಪಿ.ಎಫ್. ಎಷ್ಟು ಬರಬಹುದೆಂಬ ಲೆಕ್ಕ, ಬಣ್ಣ ಹಚ್ಚುವುದಲ್ಲ. ಸಿನಿಮಾದಲ್ಲಂತೂ ನಲವತ್ತೈದರ ನಟಿ ಅಮ್ಮನಾಗಿ ಹತ್ತು ವರ್ಷವಾಗಿರುತ್ತದೆ. ಅದೇ ವಯಸ್ಸಿನ ನಾಯಕ ಕಾಲೇಜಿಗೆ ಹೋಗುತ್ತಲೇ ಇರುತ್ತಾನೆ, ಅದು ಬೇರೆ ಮಾತು. ಚಿತ್ರದುರ್ಗದ ಎಚ್.ಜಿ. ದತ್ತಾತ್ರೇಯ ಹೆಚ್ಚುಕಡಿಮೆ ಆ ವಯಸ್ಸಿನಲ್ಲೇ ಸಿನಿಮಾ ಕ್ಯಾಮೆರಾದ ಮುಂದೆ ಬಂದು ನಿಂತರು. ಬಂದವರು ನಾಯಕನಾಗುವ ಗೋಜಿಗೆ ಹೋಗಲಿಲ್ಲ. ನೆರೆತ ಕೂದಲಿಗೆ ಬಣ್ಣ ಬಳಿಯುವ ಚಿಂತೆಯೂ ಇರಲಿಲ್ಲ. ನೋಡುವವರು ಅವರನ್ನು ದತ್ತಣ್ಣ ಎಂದು ಕರೆದುಕೊಂಡು ಮನೆಯೊಳಕ್ಕೆ ಬಿಟ್ಟುಕೊಂಡರು.

ಅವರು ಹುಟ್ಟಿದ್ದು 1942ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಮೈಸೂರು ರಾಜ್ಯಕ್ಕೇ ಮೊದಲ ರ‍್ಯಾಂಕು. ಆ ಕಾಲದಲ್ಲಿ ರ‍್ಯಾಂಕು ಬಂದ ಹುಡುಗನ ಹಣೆಬರಹವನ್ನು ಬ್ರಹ್ಮ ಬರೆಯುತ್ತಿರಲಿಲ್ಲ, ಊರಿನ ಹಿರಿಯರು ಸೇರಿ ಬರೆಯುತ್ತಿದ್ದರು: ಎಂಜಿನಿಯರಿಂಗ್ ಅಥವಾ ಡಾಕ್ಟರಿಕೆ. ದತ್ತಾತ್ರೇಯರು ಎಂಜಿನಿಯರಾದರು, ವಾಯುಪಡೆಗೆ ಸೇರಿದರು, ವಿಂಗ್ ಕಮಾಂಡರ್ ಹುದ್ದೆಯವರೆಗೆ ಏರಿದರು, ಆಮೇಲೆ ಎಚ್.ಎ.ಎಲ್.ಗೆ ಬಂದರು. ಇಷ್ಟನ್ನು ಒಂದು ಹಾಳೆಯ ಮೇಲೆ ಬರೆದು ಯಾವ ನಿರ್ಮಾಪಕನ ಕೈಗೆ ಕೊಟ್ಟರೂ, ಇವರು ಸಾಲ ಕೊಡಲು ಬಂದವರೆಂದು ತಿಳಿದು ಆತ ಎದ್ದು ನಿಂತು ಕುರ್ಚಿ ಹಾಕಿಸಿಯಾನೇ ಹೊರತು ಪಾತ್ರ ಕೊಡುತ್ತಿರಲಿಲ್ಲ.

ಆದರೆ ಇವರಿಗೆ ನಾಟಕದ ಗೀಳಿತ್ತು. ಅದು ನಮ್ಮ ಹವ್ಯಾಸಿ ರಂಗಭೂಮಿಯ ಗೀಳು. ಅದರ ಸೊಗಸನ್ನು ಸ್ವಲ್ಪ ನಿಂತು ಹೇಳಬೇಕು. ಗುಬ್ಬಿ ಕಂಪನಿಯವರಿಗಾಗಲಿ ಹಿರಣ್ಣಯ್ಯನವರ ಮಂಡಳಿಗಾಗಲಿ ನಾಟಕವೆಂದರೆ ಅನ್ನ. ಗಲ್ಲಾಪೆಟ್ಟಿಗೆ ತುಂಬದಿದ್ದರೆ ಅಂದು ರಾತ್ರಿಯ ಒಲೆಗೇ ತತ್ವಾರ. ಬೆಂಗಳೂರಿನ ಹವ್ಯಾಸಿಗಳಿಗೆ ಹಾಗಿರಲಿಲ್ಲ. ಅನ್ನವನ್ನು ಬ್ಯಾಂಕು, ಎ.ಜಿ. ಆಫೀಸು, ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಲ್. ಕೊಡುತ್ತಿದ್ದವು. ಸಂಜೆ ಫ್ಯಾಕ್ಟರಿ ಬಸ್ಸು ಇಳಿದು, ಮನೆಗೆ ಹೋಗದೆ ನೇರವಾಗಿ ಯಾವುದೋ ಶಾಲೆಯ ಕೊಠಡಿಗೆ ಹೋಗಿ, ಮಕ್ಕಳ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ರಾತ್ರಿಯವರೆಗೆ ರಿಹರ್ಸಲ್. ಸಂಭಾವನೆಯೆಂದರೆ ಚಹಾ. ಒಮ್ಮೊಮ್ಮೆ ಕೈಯಿಂದಲೇ ಖರ್ಚು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದ ಮೇಲೆ ಈ ಗೀಳು ಊರಿಗೇ ಅಂಟಿತು. ನಟರಂಗ, ಬೆನಕ, ಸಮುದಾಯ, ಸ್ಪಂದನ ಎಂದು ಆ ದಶಕದಲ್ಲಿ ತಂಡಗಳು ಒಂದರ ಹಿಂದೊಂದು ಹುಟ್ಟಿದವು. ದತ್ತಣ್ಣನವರ ಅಣ್ಣ ಎಚ್.ಜಿ. ಸೋಮಶೇಖರರಾವ್ ಬ್ಯಾಂಕಿನಲ್ಲಿದ್ದುಕೊಂಡೇ ನಟರಾದವರು. ಒಂದೇ ಮನೆಯಲ್ಲಿ ಇಬ್ಬರಿಗೆ ಗೀಳು ಹಿಡಿದಿತ್ತೆಂದರೆ ಅದರ ತೀವ್ರತೆ ಊಹಿಸಿಕೊಳ್ಳಬಹುದು.

ಈ ನೌಕರಸ್ಥ ನಟರನ್ನು ಅರೆಕಾಲಿಕರೆಂದು ತಾತ್ಸಾರ ಮಾಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಂಬಳ ಬೇರೆಡೆಯಿಂದ ಬರುತ್ತಿದ್ದುದರಿಂದಲೇ ಅವರಿಗೆ ಶಿಳ್ಳೆಗಾಗಿ ಕೈಚಾಚುವ ದರ್ದು ಇರಲಿಲ್ಲ. ಜೊತೆಗೆ ಹಗಲೆಲ್ಲ ಅವರು ಬದುಕುತ್ತಿದ್ದದ್ದು ನಿಜವಾದ ಜನರ ನಡುವೆ. ರಜೆ ಅರ್ಜಿಗೆ ಸುಳ್ಳು ಕಾರಣ ಬರೆಯುವವನು, ಬಡ್ತಿ ತಪ್ಪಿ ಮುಖ ಸಣ್ಣದು ಮಾಡಿಕೊಂಡವನು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಏನು ಮಾತಾಡಬೇಕೆಂದು ತೋಚದೆ ನಿಂತವನು, ಎಲ್ಲರನ್ನೂ ಹತ್ತಿರದಿಂದ ಕಂಡಿರುತ್ತಾರೆ. ಅಭಿನಯ ಶಾಲೆಯಲ್ಲಿ ಈ ಪಾಠಕ್ಕೆ ಮೇಷ್ಟರು ಸಿಗುವುದಿಲ್ಲ.

ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಧಾರಾವಾಹಿಗಳ ಭರಾಟೆ ಶುರುವಾಗುವ ಹೊತ್ತಿಗೆ ಮಾತು ಕಂಠಪಾಠ ಮಾಡಬಲ್ಲ, ಹೇಳಿದ ಹೊತ್ತಿಗೆ ಬರಬಲ್ಲ, ಕನ್ನಡವನ್ನು ಕನ್ನಡದ ಹಾಗೆ ಆಡಬಲ್ಲ ಒಂದು ಪಡೆಯೇ ಕಲಾಕ್ಷೇತ್ರದ ಸುತ್ತ ಸಿದ್ಧವಾಗಿತ್ತು. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ‘ಮಾಯಾಮೃಗ’ ಮಾಡಿದಾಗ ತುಂಬಿಕೊಂಡವರಲ್ಲಿ ಬಹುಪಾಲು ಇವರೇ. ದತ್ತಣ್ಣ ಮನೆಮನೆಗೆ ಪರಿಚಿತರಾದದ್ದು ಅಲ್ಲಿ. ಹತ್ತು ವರ್ಷ ಹಿಂದೆಯೇ ‘ಆಸ್ಫೋಟ’ ಸಿನಿಮಾದಲ್ಲಿ ಕಾಣಿಸಿಕೊಂಡಿದ್ದರೂ, ಸಿನಿಮಾದವರು ಊರಿಗೆ ಬಂದ ನೆಂಟರು, ಧಾರಾವಾಹಿಯವರು ದಿನವೂ ಜಗಲಿಗೆ ಬರುವ ಪಕ್ಕದ ಮನೆಯವರು.

ದತ್ತಣ್ಣನವರನ್ನು ನೋಡುವುದಕ್ಕೊಂದು ಕ್ರಮವಿದೆ; ನಾನು ಕಂಡುಕೊಂಡದ್ದು. ಅವರು ಮಾತಾಡುವಾಗ ನೋಡಬಾರದು, ಎದುರಿನವರು ಮಾತಾಡುವಾಗ ನೋಡಬೇಕು. ಧಾರಾವಾಹಿಯಲ್ಲಿ ಮಾತು ಹೇಳಿ ಮುಗಿಸಿದ ನಟ ಸಾಮಾನ್ಯವಾಗಿ ತನ್ನ ಮುಂದಿನ ಸರದಿಗೆ ಕಾಯುತ್ತಿರುತ್ತಾನೆ. ಅದೇ ಬೆಳಿಗ್ಗೆ ಬಿಸಿಬಿಸಿಯಾಗಿ ಬಂದ ಹಾಳೆ, ಕ್ಯಾಮೆರಾದ ಹಿಂದಿನಿಂದ ಸಹಾಯಕ ನಿರ್ದೇಶಕನ ಪ್ರಾಂಪ್ಟಿಂಗು, ಇವುಗಳ ನಡುವೆ ಕಿವಿ ಅತ್ತ, ಕಣ್ಣು ಇತ್ತ. ದತ್ತಣ್ಣ ಮಾತ್ರ ಹುಡುಗ ಹೇಳುವ ಸುಳ್ಳು ಕಾರಣವನ್ನು ಹಳೆಯ ಮೇಷ್ಟರು ಕೇಳಿಸಿಕೊಳ್ಳುವಂತೆ ಪೂರ್ತಿ ಕೇಳಿಸಿಕೊಳ್ಳುತ್ತಾರೆ: ನಂಬದೆಯೂ, ಬೈಯದೆಯೂ. ಕೊಂಚ ತಡೆದು ಉತ್ತರ ಕೊಡುತ್ತಾರೆ. ಆ ತಡೆಯಲ್ಲೇ ಪಾತ್ರ ಇರುತ್ತದೆ.

ನಮ್ಮ ನಟರಿಗೆ ಜನ ಪಾತ್ರದ ಹೆಸರನ್ನೇ ಮನೆಹೆಸರು ಮಾಡುವುದುಂಟು. ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಉಪ್ಪಿನಕಾಯಿ ಚಪ್ಪರಿಸಿದ ಲೋಕನಾಥ್ ಕೊನೆಯವರೆಗೂ ಉಪ್ಪಿನಕಾಯಿ ಲೋಕನಾಥ್. ನಾಟಕದಿಂದ ಮುಖ್ಯಮಂತ್ರಿ ಚಂದ್ರು, ಧಾರಾವಾಹಿಯಿಂದ ಸಿಹಿಕಹಿ ಚಂದ್ರು. ದತ್ತಣ್ಣನವರಿಗೆ ಇಂಥ ಬಿರುದು ಯಾವುದೂ ಅಂಟಲಿಲ್ಲ. ಒಂದು ಪಾತ್ರವನ್ನು ಮೈಗೆ ಹತ್ತಿಸಿಕೊಂಡು ಇನ್ನೊಂದಕ್ಕೆ ಹೋಗುವ ಜಾಯಮಾನ ಅವರದಲ್ಲ.

ಪ್ರಶಸ್ತಿಗಳ ವಿಷಯಕ್ಕೆ ಬಂದರೆ ನನ್ನದೊಂದು ತಕರಾರಿದೆ. ಬೊಳುವಾರು ಮಹಮದ್ ಕುಂಞಿಯವರ ಕಥೆಯಿಂದ ಬಂದ ‘ಮುನ್ನುಡಿ’, ಅನಂತಮೂರ್ತಿಯವರ ಕಥೆಯಿಂದ ಬಂದ ‘ಮೌನಿ’, ಆಮೇಲೆ ‘ಭಾರತ್ ಸ್ಟೋರ್ಸ್’. ಈ ಮೂರಕ್ಕೂ ರಾಷ್ಟ್ರ ಪ್ರಶಸ್ತಿ ಸಮಿತಿ ದತ್ತಣ್ಣನವರಿಗೆ ಕೊಟ್ಟದ್ದು ‘ವಿಶೇಷ ಉಲ್ಲೇಖ’. ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ತೋರಿಸಿ ಕೋಸಂಬರಿ ಬಡಿಸಿ ಮುಂದೆ ಹೋದರೆನ್ನದೆ ಇನ್ನೇನೆನ್ನಲಿ? ‘ಭಾರತ್ ಸ್ಟೋರ್ಸ್’ ಚಿತ್ರದ ದಿನಸಿ ಅಂಗಡಿಯ ಶೆಟ್ಟರನ್ನು ನೆನೆಸಿಕೊಳ್ಳಿ. ದೊಡ್ಡ ಮಾಲುಗಳು ಬಂದು ಸಣ್ಣ ಅಂಗಡಿ ಮುಳುಗುವ ಕಥೆ. ಭಾಷಣ ಬಿಗಿಯಲು ಹೇಳಿಮಾಡಿಸಿದಂಥದ್ದು, ಚಿತ್ರ ಕೂಡ ಅಲ್ಲಲ್ಲಿ ಬಿಗಿಯುತ್ತದೆ. ಆದರೆ ಗಿರಾಕಿಗಳಿಗೆ ಬರೆದಿಟ್ಟ ಸಾಲ ವಸೂಲಾಗುವುದಿಲ್ಲವೆಂದು ಗೊತ್ತಾದ ವ್ಯಾಪಾರಿಯ ಸಂಕೋಚವನ್ನು, ಸಿಟ್ಟನ್ನಲ್ಲ, ದತ್ತಣ್ಣ ಎತ್ತಿಕೊಂಡಿದ್ದಾರೆ.

ನನಗೆ ಇದಕ್ಕಿಂತ ಮೇಲೆನಿಸುವುದು ‘ಬೆಟ್ಟದ ಜೀವ’ದ ಗೋಪಾಲಯ್ಯ. ಶಿವರಾಮ ಕಾರಂತರ ಈ ಕಾದಂಬರಿ 1943ರದ್ದು. ಶೇಷಾದ್ರಿಯವರು ಅದನ್ನು ಸಿನಿಮಾ ಮಾಡಿದ್ದು ಹೆಚ್ಚುಕಡಿಮೆ ಏಳು ದಶಕಗಳ ನಂತರ. ಕಾದಂಬರಿ ಓದಿದವರಿಗೆಲ್ಲ ತಮ್ಮದೇ ಒಬ್ಬ ಗೋಪಾಲಯ್ಯ ಇರುವುದರಿಂದ ಆ ಪಾತ್ರಕ್ಕೆ ಒಪ್ಪಿಕೊಳ್ಳುವುದೇ ದುಸ್ಸಾಹಸ. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು ಅಡಕೆ ತೋಟ ಎಬ್ಬಿಸಿದ ಗಟ್ಟಿಗ, ಬಂದವರನ್ನು ಹೊಟ್ಟೆ ಬಿರಿಯುವಷ್ಟು ಉಪಚರಿಸುವ ಮಾತುಗಾರ; ಒಳಗೆ, ಬಿಟ್ಟುಹೋದ ಮಗನ ಕೊರಗು. ದತ್ತಣ್ಣ ಈ ಕೊರಗನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ಉಪಚಾರವನ್ನೇ ಇನ್ನಷ್ಟು ಹೆಚ್ಚು ಮಾಡುತ್ತಾರೆ. ಮಗನಿಗೆ ಬಡಿಸಲಾಗದ್ದನ್ನೆಲ್ಲ ದಾರಿ ತಪ್ಪಿ ಬಂದ ಅತಿಥಿಯ ಎಲೆಗೆ ಸುರಿಯುತ್ತಿದ್ದಾರೆಂದು ನಮಗೆ ತಾನಾಗಿ ಹೊಳೆಯುತ್ತದೆ.

2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’ನಲ್ಲಿ ಅವರು ಇಸ್ರೋದ ಹಿರಿಯ ಎಂಜಿನಿಯರಾದರು. ಆಗ ಅವರಿಗೆ ಎಪ್ಪತ್ತೇಳು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಡೆಯುವುದನ್ನು ಆ ತಂಡದಲ್ಲಿ ಇವರೊಬ್ಬರಿಗೆ ಯಾರೂ ಕಲಿಸಬೇಕಾಗಿರಲಿಲ್ಲವೆಂದು ನನ್ನ ಊಹೆ.

ಅದಕ್ಕೂ ಮೂರು ವರ್ಷ ಮೊದಲು ‘ನೀರ್ ದೋಸೆ’ ಬಂದಿತ್ತು. ಜಗ್ಗೇಶ್ ಜೊತೆಗೆ ದತ್ತಣ್ಣ. ದ್ವಂದ್ವಾರ್ಥದ ಮಾತುಗಳ ಸುರಿಮಳೆ. ‘ಬೆಟ್ಟದ ಜೀವ’ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದ ನಮ್ಮ ಸೋದರತ್ತೆ ಅದೇ ನಂಬಿಕೆಯಲ್ಲಿ ಟಿ.ವಿ. ಮುಂದೆ ಕೂತರು. ಕಾಲು ಗಂಟೆಯಲ್ಲಿ ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದಲೇ, “ಅಲ್ವೋ, ಅಷ್ಟು ಓದಿಕೊಂಡು, ವಿಮಾನದ ಇಲಾಖೆಯಲ್ಲಿ ಅಷ್ಟು ದೊಡ್ಡ ಸಾಹೇಬರಾಗಿದ್ದವರಿಗೆ ಈ ಪೋಲಿ ಮಾತೆಲ್ಲ ಯಾಕೆ ಬೇಕಿತ್ತು?” ಎಂದು ಕೇಳಿದರು. ನಾನು ಚಾನೆಲ್ ಬದಲಿಸಲು ರಿಮೋಟಿಗೆ ಕೈ ಹಾಕಿದೆ.

“ತೆಗೀಬೇಡ, ಇರಲಿ ಬಿಡು,” ಎಂದರು ಅತ್ತೆ, “ಸೌಂಡು ಸ್ವಲ್ಪ ಜಾಸ್ತಿ ಮಾಡು.”