ಮಾತ್ರೆ ತಿಳಿದ ಕಿವಿ

ಜಪಾನೀ ಭಾಷೆಯನ್ನು ಪುಸ್ತಕದ ಮೂಲಕ ಕಲಿತವರಿಗೆ, ಕಣ್ಣಿಗೆ ಪರಿಚಿತವಾದ ಶಬ್ದವೇ ಕಿವಿಗೆ ಅಪರಿಚಿತವಾಗಿ ಉಳಿಯುವುದುಂಟು. ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯಲ್ಲಿ ನರ್ಸಿಂಗ್ ಓದಿದ ತರುಣಿಯೊಬ್ಬಳ ಸ್ಥಿತಿಯೂ ಹೀಗೆಯೇ ಇತ್ತು. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಮಾಡಿಕೊಂಡ ಒಪ್ಪಂದದಿಂದ ವೃದ್ಧರ ಆರೈಕೆಯೇ ಮೊದಲಾದ ಕೆಲಸಗಳಿಗೆ ಇಲ್ಲಿಯವರು ಹೋಗಲು ದಾರಿಯಾಗಿದೆ. ಅದಕ್ಕೆ ಬೇಕಾದ ಭಾಷಾ ಅರ್ಹತೆಯನ್ನು ಪಡೆಯುವ ಒಂದು ದಾರಿ, ಭಾಷಾ ಪರೀಕ್ಷೆಯ ಎನ್-4 ಮಟ್ಟವನ್ನು ದಾಟುವುದು. ಆ ಪರೀಕ್ಷೆಯಲ್ಲಿ ಕೇಳುವ ಭಾಗಕ್ಕೆ 35 ನಿಮಿಷ, 60 ಅಂಕ. ಅದರಲ್ಲಿ 19 ಅಂಕ ಬಾರದಿದ್ದರೆ ಓದುವ ಭಾಗದಲ್ಲಿ ಎಷ್ಟು ಬಂದರೂ ಫಲವಿಲ್ಲ. ಧ್ವನಿಮುದ್ರಿಕೆಯೂ ಒಮ್ಮೆ ಮಾತ್ರ ಕೇಳಿಸುತ್ತದೆ.

ಆಕೆಯ ತೊಡಕಿನ ಮೂಲ ರೋಮನ್ ಲಿಪಿಯಲ್ಲಿತ್ತು. ದೀರ್ಘದ ಗುರುತನ್ನು ಬಹಳ ಸಲ ಬಿಟ್ಟುಬಿಡುವ ಆ ಲಿಪಿಯಲ್ಲಿ ಕಲಿತವರಿಗೆ ‘ಒಬಸನ್’ ಮತ್ತು ‘ಒಬಾಸನ್’ ಒಂದೇ ಆಗಿಬಿಡುತ್ತವೆ. ಮೊದಲನೆಯದು ಅತ್ತೆ ಅಥವಾ ಚಿಕ್ಕಮ್ಮ, ಎರಡನೆಯದು ಅಜ್ಜಿ. ‘ಬ್ಯೋಇನ್’ ಎಂದರೆ ಆಸ್ಪತ್ರೆ, ‘ಬಿಯೋಇನ್’ ಎಂದರೆ ಕೇಶಾಲಂಕಾರದ ಅಂಗಡಿ. ಆರೈಕೆಗೆ ಹೋಗುವವಳಿಗೆ ಈ ಅಂತರ ಸಣ್ಣದಲ್ಲ.

ಜಪಾನೀಯರು ಮಾತನ್ನು ಅಳೆಯುವುದು ‘ಹಕು’ ಎಂಬ ಮಾನದಿಂದ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು; ಒತ್ತಿನ ಮೊದಲರ್ಧಕ್ಕೂ ಕೊನೆಯ ನಕಾರಕ್ಕೂ ಒಂದೊಂದು. ಕನ್ನಡಿಗನಿಗೆ ಇದು ಹೊಸದೇ? ಇದು ನಮ್ಮ ಮಾತ್ರೆಯೇ. ‘ಕಿತೆ’ (ಬಾ) ಎರಡು ಲಘು, ಎರಡು ಮಾತ್ರೆ. ‘ಕಿತ್ತೆ’ (ಅಂಚೆಚೀಟಿ) ಒಂದು ಗುರು, ಒಂದು ಲಘು, ಮೂರು ಮಾತ್ರೆ. ‘ಒಬಸನ್’ ನಾಲ್ಕು, ‘ಒಬಾಸನ್’ ಐದು. ‘ಬ್ಯೋಇನ್’ ನಾಲ್ಕು, ‘ಬಿಯೋಇನ್’ ಐದು. ಜಪಾನೀ ಲೆಕ್ಕವೂ ಇಷ್ಟೇ. ಹೈಕುವಿನ ಐದು-ಏಳು-ಐದು ಕೂಡ ಈ ಮಾನದ್ದೇ. ಕನ್ನಡದಲ್ಲಿ ಹೈಕು ಬರೆಯುವವರು ಅಕ್ಷರಗಳ ಬದಲು ಮಾತ್ರೆಗಳನ್ನು ಎಣಿಸಿದರೆ ಮೂಲಕ್ಕೆ ಹೆಚ್ಚು ಹತ್ತಿರವಾದಾರು.

ಪಂಪನ ತಾಯಿಯ ಕಡೆಯವರ ಊರಾದ ಅಣ್ಣಿಗೇರಿಯ ನೆರೆಯಲ್ಲಿ ಬೆಳೆದ ಆ ತರುಣಿ ಪ್ರೌಢಶಾಲೆಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿ, ನಾಲ್ಕು ಪಾದಗಳ 64 ಮಾತ್ರೆಗಳನ್ನು ಎಣಿಸಿದ್ದಳು. ಅಂಕಕ್ಕಾಗಿ ಕಲಿತು ಮರೆತ ವಿದ್ಯೆ ಅದು. ಅದನ್ನೇ ಮತ್ತೆ ಹೊರತೆಗೆದಳು. ಅರ್ಧ ನಿಮಿಷದ ಸಂಭಾಷಣೆಯನ್ನು ಕೇಳಿ, ಕನ್ನಡ ಲಿಪಿಯಲ್ಲಿ ಬರೆದು, ಲಘು-ಗುರು ಗುರುತಿಸಿ, ಆಮೇಲೆ ಮೂಲಪಾಠವನ್ನು ನೋಡುವುದು. ಮಾತ್ರೆ ಎಲ್ಲಿ ತಪ್ಪಿತೋ ಕಿವಿ ಅಲ್ಲಿ ಜಾರಿತೆಂದು ಅರ್ಥ. ಆಮೇಲೆ ಅದೇ ಮಾತನ್ನು ಹೇಳುವವರ ಬೆನ್ನಹಿಂದೆಯೇ, ಅವರ ವೇಗದಲ್ಲಿಯೇ ಹೇಳುವುದು. ಅರ್ಥ ತಿಳಿಯದೆ ಗಂಟೆಗಟ್ಟಲೆ ಚಲನಚಿತ್ರ ನೋಡುವುದಕ್ಕಿಂತ ಈ ಅರ್ಧ ನಿಮಿಷದ ದುಡಿಮೆ ಮೇಲು.

ವಾಕ್ಯದ ಅನ್ವಯದಲ್ಲಿಯೂ ಕನ್ನಡದ ಕಿವಿಗೆ ಅನುಕೂಲವಿದೆ. ‘ಕುಸುರಿ ಓ ನೊಮಿಮಸು’ ಎಂದರೆ ಔಷಧವನ್ನು ಕುಡಿಯುತ್ತೇನೆ. ‘ನೊಮಿಮಸೆನ್’ ಎಂದರೆ ಕುಡಿಯುವುದಿಲ್ಲ. (ಕುಸುರಿ ಎಂದೊಡನೆ ಕಸೂತಿಯನ್ನು ನೆನೆಯುವ ಮನಸ್ಸನ್ನು ತಡೆಯಬೇಕು, ಅಷ್ಟೆ.) ನಾಮಪದದ ಹಿಂದೆ ವಿಭಕ್ತಿ, ವಾಕ್ಯದ ತುದಿಯಲ್ಲಿ ಕ್ರಿಯೆ, ಆ ಕ್ರಿಯೆಯ ತುದಿಯಲ್ಲಿ ನಿಷೇಧ. ಇಂಗ್ಲಿಷಿಗೆ ತಿರುಗಿಸುತ್ತ ಕೇಳಿದರೆ ಈ ತುದಿಯೇ ಕೈತಪ್ಪುತ್ತದೆ. ಆಡುಮಾತಿನ ಸವೆತವೂ ಧಾರವಾಡ ಸೀಮೆಯವರಿಗೆ ಬೆರಗು ಹುಟ್ಟಿಸಬೇಕಿಲ್ಲ. ‘ತಿನ್ನಾಕ ಹತ್ತ್ಯಾನ’ ಎಂಬುದು ‘ತಿನ್ನಾಕತ್ತಾನ’ ಆದಂತೆ, ‘ತಬೆತೆ ಇರು’ ಅಲ್ಲಿ ‘ತಬೆತೆರು’ ಆಗುತ್ತದೆ.

ಈ ಹೋಲಿಕೆಗಳಿಂದ ಎರಡು ಭಾಷೆಗಳಿಗೆ ರಕ್ತಸಂಬಂಧ ಕಟ್ಟುವುದು ಸರಿಯಲ್ಲ. ಸುಸುಮು ಓನೊ ಅವರು ತಮಿಳು-ಜಪಾನೀ ಸಂಬಂಧವನ್ನು ಪ್ರತಿಪಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಕಲಿಯುವವಳಿಗೆ ರಚನೆಯ ಸಾಮ್ಯವಷ್ಟೇ ಸಾಕು.

ಮಾತ್ರೆಗೆ ನಿಲುಕದ ಸಂಗತಿಗಳೂ ಇವೆ. ‘ದೆಸು’ವಿನ ಕೊನೆಯ ಉಕಾರ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಟೋಕಿಯೊದ ನುಡಿಯಲ್ಲಿ ‘ಹಶಿ’ಯ ಮೊದಲ ಅಕ್ಷರದ ಸ್ವರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಲಘು-ಗುರುಗಳ ಗುರುತುಗಳಲ್ಲಿ ಈ ಏರಿಳಿತಕ್ಕೆ ಸ್ಥಾನವಿಲ್ಲ. ಶಿರಗುಪ್ಪಿಯ ತರುಣಿ ಈಗ ತನ್ನ ಪ್ರಸ್ತಾರದಲ್ಲಿ, ಸ್ವರ ಏರುವ ಅಕ್ಷರದ ನೆತ್ತಿಗೆ ಇನ್ನೊಂದು ಗೆರೆ ಎಳೆಯತೊಡಗಿದ್ದಾಳೆ.