ಎಣ್ಣೆ ಹನಿಯ ಹೊತ್ತುಗೊತ್ತು

ಟ್ರ್ಯಾಕ್ಟರಿನ ಅಡಿಯಲ್ಲಿ ಎಣ್ಣೆ ಕಂಡ ಕೂಡಲೇ ಎಲ್ಲರ ಬಾಯಿಂದ ಬರುವ ಪ್ರಶ್ನೆ ಒಂದೇ: ‘ಎಲ್ಲಿ ಸೋರ್ತಿದೆ?’ ಅದು ಎರಡನೆಯ ಪ್ರಶ್ನೆಯಾಗಬೇಕು ಎಂಬುದು ನನ್ನ ತಕರಾರು. ಮೊದಲು ಕೇಳಬೇಕಾದ್ದು ‘ಯಾವಾಗ ಸೋರ್ತಿದೆ?’ ಮಳೆಗಾಲದಲ್ಲಿ ಹನಿ ಬಿದ್ದ ಜಾಗದ ನೇರ ಮೇಲೆಯೇ ಹೆಂಚು ಒಡೆದಿರುತ್ತದೆ ಎಂದು ಹೆಂಚಿನ ಮನೆಯವರು ಯಾರೂ ನಂಬುವುದಿಲ್ಲ. ನೀರು ರೀಪು ತೊಲೆಗಳ ಗುಂಟ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಟ್ರ್ಯಾಕ್ಟರಿನಲ್ಲಿ ಇಳಿಜಾರಿನ ಜೊತೆಗೆ ಗಾಳಿಯೂ ಸೇರಿಕೊಳ್ಳುತ್ತದೆ. ರೇಡಿಯೇಟರಿನ ಹಿಂದಿರುವ ಫ್ಯಾನು ದಿನವಿಡೀ ಹಿಂದಕ್ಕೆ ಊದುತ್ತಿರುವುದರಿಂದ, ಮುಂದೆ ಪವರ್ ಸ್ಟೀರಿಂಗ್ ಪಂಪಿನ ಬಳಿ ಒಸರಿದ ಎಣ್ಣೆ ಎಂಜಿನ್ನಿನ ಮೈಗೆ ಅಂಟಿಕೊಂಡು ಹೋಗಿ ಕ್ಲಚ್ ಹೌಸಿಂಗಿನ ಕೆಳಗೆ ಹನಿಯುತ್ತದೆ. ನೋಡಿದವರು ಕ್ರ್ಯಾಂಕಿನ ಹಿಂದಿನ ಸೀಲೇ ಹೋಯಿತೆಂದು ಗಾಡಿಯನ್ನು ನಡುವೆ ಎರಡು ಹೋಳು ಮಾಡಲು ಹೊರಡುತ್ತಾರೆ. ತಪ್ಪೆಲ್ಲ ಒಂದು ತಾಮ್ರದ ವಾಷರಿನದಾಗಿರಬಹುದು.

‘ಯಾವಾಗ’ ಎಂಬುದಕ್ಕೆ ಇಷ್ಟು ತೂಕ ಬರುವುದು ಪವರ್ ಸ್ಟೀರಿಂಗಿನ ಸ್ವಭಾವದಿಂದ. ಎಂಜಿನ್ನಿನ ಟೈಮಿಂಗ್ ಗೇರಿನಿಂದ ತಿರುಗುವ ಪಂಪು, ಅದಕ್ಕೊಂದು ಪುಟ್ಟ ಟ್ಯಾಂಕು, ಸ್ಟೀರಿಂಗ್ ಕಂಬದ ಬುಡದಲ್ಲಿ ಎಣ್ಣೆಯನ್ನು ಎಡಕ್ಕೋ ಬಲಕ್ಕೋ ಕಳಿಸುವ ಆರ್ಬಿಟ್ರಾಲು, ಮುಂದಿನ ಆಕ್ಸಲಿನ ಬಳಿ ಸಿಲಿಂಡರು, ಇವನ್ನೆಲ್ಲ ಬೆಸೆಯುವ ಹೋಸುಗಳು: ಸಂಸಾರ ಇಷ್ಟೇ. (ಆರ್ಬಿಟ್ರಾಲ್ ಎಂಬುದು ಅಮೆರಿಕದ ಚಾರ್-ಲಿನ್ ಕಂಪನಿ ತನ್ನ ಸರಕಿಗೆ ಇಟ್ಟ ಹೆಸರು. ಈಗ ಯಾರು ಮಾಡಿದ್ದಾದರೂ ಗ್ಯಾರೇಜಿನಲ್ಲಿ ಅದು ಆರ್ಬಿಟ್ರಾಲೇ, ವನಸ್ಪತಿಯೆಲ್ಲ ಡಾಲ್ಡಾ ಆದಂತೆ.) ಹರಿಯುವ ಎಣ್ಣೆ ಒಂದೇ ಆದರೂ ಅದರ ಒತ್ತಡ ಎಲ್ಲ ಕಡೆ ಒಂದೇ ಅಲ್ಲ. ಟ್ಯಾಂಕಿನಿಂದ ಪಂಪಿಗೆ ಬರುವ ದಾರಿಯಲ್ಲಿ ಇರುವುದು ಒತ್ತಡವಲ್ಲ, ಹೀರಿಕೆ. ವಾಪಸು ಬರುವ ಹೋಸಿನಲ್ಲಿ ಒತ್ತಡ ಅಲ್ಪ. ಚಕ್ರ ನೇರವಿದ್ದಾಗ ಪಂಪಿನ ಹೋಸು ಕೂಡ ಆರಾಮವಾಗಿರುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿದಾಗ ಮಾತ್ರ, ರಿಲೀಫ್ ವಾಲ್ವ್ ತೆರೆಯುವ ತನಕ ಒತ್ತಡ ಏರುತ್ತಾ 100 ಬಾರ್ ದಾಟಬಹುದು. ಮುಂದಿನ ಟೈರಿಗೆ ನಾವು ಹೊಡೆಸುವ ಗಾಳಿ 2 ಬಾರಿನ ಆಸುಪಾಸು ಎಂದು ನೆನೆದರೆ ಈ ಅಂಕಿಯ ಜೋರು ತಿಳಿಯುತ್ತದೆ. ಅದೂ ಎಡಕ್ಕೆ ತಿರುಗಿಸಿದಾಗ ಸಿಲಿಂಡರಿನ ಒಂದು ಹೋಸಿಗೆ, ಬಲಕ್ಕೆ ತಿರುಗಿಸಿದಾಗ ಇನ್ನೊಂದಕ್ಕೆ. ಹೀಗೆ ಸರ್ಕೀಟಿನ ಒಂದೊಂದು ತುಂಡಿಗೂ ಸೋರುವುದಕ್ಕೆ ತನ್ನದೇ ಹೊತ್ತುಗೊತ್ತು ಇದೆ. ರಾತ್ರಿಯಿಡೀ ನಿಂತ ಗಾಡಿಯ ಕೆಳಗೆ ಬೆಳಿಗ್ಗೆ ಕಲೆ ಕಂಡರೆ ಒತ್ತಡದ ಹೋಸನ್ನು ಶಂಕಿಸುವ ಮೊದಲು ಟ್ಯಾಂಕು, ಹೀರಿಕೆಯ ಹೋಸು, ವಾಪಸಿನ ಹೋಸುಗಳ ಕ್ಲಿಪ್ಪು ನೋಡಬೇಕು. ಬಲಕ್ಕೆ ಹೊರಳಿಸಿದಾಗಷ್ಟೇ ಬೆವರುವ ಸಿಲಿಂಡರು ತನ್ನ ಯಾವ ಬದಿ ಕೆಟ್ಟಿದೆ ಎಂದು ತಾನೇ ಹೇಳಿಬಿಡುತ್ತದೆ.

ಆದರೆ ಹೊತ್ತು ಹಿಡಿಯಬೇಕಾದರೆ ಮೈ ಒಣಗಿರಬೇಕು. ಈ ಕೆಲಸದಲ್ಲಿ ನನಗೆ ಅತ್ಯಂತ ರುಚಿಸುವುದು ತೊಳೆಯುವ ಭಾಗ. ತೊಳೆಯುವುದು ಕೀಳು ಕೆಲಸವೆಂದು ಹುಡುಗನ ಕೈಗೆ ಬ್ರಶ್ಶು ಕೊಟ್ಟು ಟೀ ಕುಡಿಯಲು ಹೋಗುವ ಮೇಸ್ತ್ರಿ ಅರ್ಧ ಸಾಕ್ಷ್ಯವನ್ನು ಡೀಸೆಲಿನಲ್ಲಿ ಹರಿಯಬಿಟ್ಟಂತೆ. ಹಳೆಯ ಸೋರಿಕೆ ಧೂಳು ಕುಡಿದು ಕಪ್ಪು ಮೇಣವಾಗಿರುತ್ತದೆ, ಉಗುರಿನಲ್ಲಿ ಕೆರೆದರೂ ಬಿಡದು. ಹೊಸದು ಮಿರುಗುವ ತೆಳು ಪೊರೆ. ಎಣ್ಣೆ ಕೆಳಕ್ಕೂ ಹಿಂದಕ್ಕೂ ಹೋಗುತ್ತದಾದ್ದರಿಂದ, ಒದ್ದೆಯಾದ ಜಾಗಗಳಲ್ಲೆಲ್ಲ ಅತಿ ಮೇಲಿನದು, ಅತಿ ಮುಂದಿನದು ಯಾವುದೋ ಅದೇ ಮೂಲಕ್ಕೆ ಹತ್ತಿರ. ಇಷ್ಟನ್ನು ಕಣ್ಣಲ್ಲಿ ತುಂಬಿಕೊಂಡ ಮೇಲೆಯೇ ಬ್ರಶ್ಶು ಆಡಬೇಕು. ಡೀಸೆಲ್ ಹರಿದಂತೆ ಮಸಿಯೊಳಗಿಂದ ಹಳೆಯ ಬಣ್ಣ, ಎರಕದ ಅಂಕಿ, ಯಾರೋ ಎಂದೋ ತಪ್ಪು ಸ್ಪ್ಯಾನರ್ ಹಾಕಿ ಮೂಲೆ ತಿಂದ ನಟ್ಟು, ಒಂದೊಂದಾಗಿ ಎದ್ದುಬರುತ್ತವೆ. ಆಮೇಲೆ ಒರೆಸಿ, ಒಣಗಿಸಿ, ಅನುಮಾನದ ಕೂಡುಗಳ ಮೇಲೆ ಮುಖದ ಪೌಡರನ್ನೇ ತೆಳ್ಳಗೆ ಉದುರಿಸಿದರೆ ಸಾಕು. ಬಿಳಿಯ ಮೇಲೆ ಮೂಡುವ ಮೊದಲ ಒದ್ದೆ ಗೆರೆಗಿಂತ ನಂಬಿಕೆಯ ಸಾಕ್ಷಿ ಇಲ್ಲ. ಎಂಜಿನ್ ನಿಂತಾಗ ಒಮ್ಮೆ, ನಿಧಾನಕ್ಕೆ ಓಡುವಾಗ ಒಮ್ಮೆ, ಇನ್ನೊಬ್ಬರು ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಹಿಡಿದಾಗ ಒಮ್ಮೆ ನೋಡಬೇಕು. ಹಿಡಿಯುವುದು ನಾಲ್ಕೈದು ಸೆಕೆಂಡು ಮಾತ್ರ, ಜಾಸ್ತಿಯಾದರೆ ಎಣ್ಣೆ ಕಾದುಹೋಗುತ್ತದೆ.

ನೆಲಕ್ಕೆ ಬೀಳದ ಸೋರಿಕೆಗಳೂ ಉಂಟು. ಜಾಗ ಹುಡುಕುವವರು ಪೂರಾ ಸೋಲುವುದು ಅಲ್ಲಿ. ಹೀರಿಕೆಯ ಹೋಸು ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಒಂದು ಹನಿಯೂ ಹೊರಬರದೆ ಗಾಳಿ ಒಳಹೋಗುತ್ತದೆ. ಪಂಪು ಕೊಂಯ್‌ಗುಡುತ್ತದೆ, ಟ್ಯಾಂಕಿನ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆಯಾಗುತ್ತದೆ. ಇದಕ್ಕಿಂತ ಮೋಸದ್ದು ಪಂಪಿನ ಶಾಫ್ಟ್ ಸೀಲಿನದು. ಪಂಪು ಟೈಮಿಂಗ್ ಕವರಿಗೆ ಕೂತಿರುವ ಗಾಡಿಗಳಲ್ಲಿ ಆ ಸೀಲು ಸೋತರೆ ಸ್ಟೀರಿಂಗಿನ ಎಣ್ಣೆ ನೇರ ಎಂಜಿನ್ನಿನ ಸಂಪಿಗೆ ಇಳಿಯುತ್ತದೆ. ಟ್ಯಾಂಕು ಬರಿದು, ನೆಲ ಒಣ, ಡಿಪ್‌ಸ್ಟಿಕ್ಕಿನಲ್ಲಿ ಮಾತ್ರ ಎಂಜಿನ್ ಆಯಿಲ್ ದಿನೇದಿನೇ ಏರುತ್ತದೆ. ಎಣ್ಣೆ ಏರಿತೆಂದು ಸಂತೋಷಪಡುವ ಮಾಲೀಕನಿಗೆ ಯಾರು ಹೇಳಬೇಕು?

‘ಇಷ್ಟೆಲ್ಲ ಪತ್ತೇದಾರಿ ಯಾಕೆ, ಪೂರ್ತಿ ಸೀಲ್ ಕಿಟ್ ಹಾಕಿಬಿಟ್ಟರೆ ಆಯಿತಲ್ಲ’ ಎನ್ನುವವರಿದ್ದಾರೆ. ಸಿಲಿಂಡರು ಹೇಗೂ ಬಿಚ್ಚಿದ್ದೇ ಆದರೆ ಇರುವ ಸೀಲನ್ನೆಲ್ಲ ಬದಲಿಸುವುದು ಸರಿಯೇ. ಆದರೆ ಸೀಲಿಗೆ ಬಂದ ಸಾವು ಬಹಳ ಸಲ ಸಹಜ ಸಾವಲ್ಲ. ಕೆಸರು ಗದ್ದೆಯಲ್ಲಿ ದಮ್ಮು ಹೊಡೆದ ಗಾಡಿಯ ಸಿಲಿಂಡರ್ ರಾಡಿನ ಮೇಲೆ ಮಣ್ಣು ಒಣಗಿ ಕೂತಿರುತ್ತದೆ. ಮರುದಿನ ಮೊದಲ ತಿರುವಿಗೇ ಅದು ಮರಳು ಕಾಗದವಾಗುತ್ತದೆ. ಗೀರು ಬಿದ್ದ ರಾಡಿಗೆ ಹೊಸ ಸೀಲು ಹಾಕುವುದು ಮುಳ್ಳುಬೇಲಿಯ ಮೇಲೆ ಹೊಸ ಸೀರೆ ಹರವಿದಂತೆ. ವಾಪಸಿನ ಹೋಸು ಮಡಚಿಕೊಂಡು ದಾರಿ ಕಟ್ಟಿದ್ದರೆ ಒತ್ತಡ ಹಿಂದಕ್ಕೆ ನಿಂತು ಆರ್ಬಿಟ್ರಾಲಿನ ಮೇಲಿನ ಸೀಲನ್ನು ಹೊರದೂಡುತ್ತದೆ. ಅಲ್ಲಿಯೂ ಕಿಟ್ಟು ಮದ್ದಲ್ಲ, ಮಡಿಕೆ ಬಿಡಿಸುವುದೇ ಮದ್ದು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಹದ ತಪ್ಪಿದರೆ ಬಿತ್ತನೆಯೇ ತಪ್ಪುತ್ತದೆ. ಆ ಹೊತ್ತಿನಲ್ಲಿ ಪೌಡರ್ ಉದುರಿಸುತ್ತ ಕೂರುವುದೆಲ್ಲಿ, ಒಂದು ಕ್ಯಾನು ಎಣ್ಣೆ ಜೊತೆಗಿಟ್ಟುಕೊಂಡು ಓಡಿಸುವುದು ಜಾಣತನವಲ್ಲವೇ? ಹೊರಗೆ ಕಾಣುವ, ತೇವ ಮಾತ್ರ ಆಗುವ ಸೋರಿಕೆಯಾದರೆ ಹೌದು, ಜಾಣತನವೇ. ಲೆಕ್ಕ ಮಾತ್ರ ಇಟ್ಟಿರಬೇಕು. 25 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೆ ಸೆಕೆಂಡಿಗೊಂದು ಹನಿ ಗಂಟೆಗೆ 144 ಮಿಲಿಲೀಟರ್ ಆಗುತ್ತದೆ, 8 ಗಂಟೆಯ ದುಡಿಮೆಗೆ ಒಂದು ಲೀಟರ್ ಮೀರುತ್ತದೆ. ಪುಟ್ಟ ಟ್ಯಾಂಕಿಗೆ ಅದು ಸಣ್ಣ ನಷ್ಟವಲ್ಲ. ಆರ್ಬಿಟ್ರಾಲ್ ಗಾಡಿಯಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲ, ಇರುವುದು ಎಣ್ಣೆ ಮಾತ್ರ. ಎಂಜಿನ್ ನಿಂತರೂ ಆರ್ಬಿಟ್ರಾಲು ಕೈಪಂಪಿನಂತೆ ಎಣ್ಣೆ ತಳ್ಳಿ, ಭಾರವಾಗಿಯಾದರೂ ಚಕ್ರ ಹೊರಳಿಸುತ್ತದೆ. ಎಣ್ಣೆಯೇ ಮುಗಿದರೆ ಚಾಲಕನ ಕೈಯಲ್ಲಿ ಬರೀ ಬಳೆ ತಿರುಗುತ್ತದೆ. ಹೊಲದೊಳಗೆ ಅದು ತೊಂದರೆ. ಕಬ್ಬು ಹೇರಿದ ಟ್ರೇಲರ್ ಎಳೆದು ರಸ್ತೆಗೆ ಬಂದಾಗ ಅದು ಬೇರೆಯೇ ಮಾತು.

ಹುಡುಕಲು ಹೊರಟವರು ಕೈಯಲ್ಲೊಂದು ರಟ್ಟಿನ ತುಂಡು ಇಟ್ಟುಕೊಳ್ಳಿ. ಒತ್ತಡದ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಎಣ್ಣೆ ಕಣ್ಣಿಗೆ ಕಾಣದ ಮಂಜಾಗಿ ಚಿಮ್ಮುತ್ತದೆ, ಬೆರಳಿಟ್ಟು ತಡವಿದರೆ ಚರ್ಮ ತೂರಿ ಒಳಹೋಗುತ್ತದೆ. ಹೋಸಿನ ಗುಂಟ ರಟ್ಟು ಆಡಿಸಿ, ಗುರುತು ಅದರ ಮೇಲೆ ಬೀಳಲಿ. ಅಕಸ್ಮಾತ್ ಕೈಗೇ ಚುಚ್ಚಿದರೆ, ಗಾಯ ಇರುವೆ ಕಚ್ಚಿದಷ್ಟೇ ಇದೆಯೆಂದು ಮನೆಯಲ್ಲಿ ಕೂರಬೇಡಿ. ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದೇ ಡಾಕ್ಟರಿಗೆ ಹೇಳಿ.